ಬೀಳುತ್ತಲೇ ಇರುವ ಚಂದ್ರ

ಮರದಿಂದ ಕಳಚಿದ ತೆಂಗಿನಕಾಯಿ ಮೊದಲ ಒಂದು ಸೆಕೆಂಡಿನಲ್ಲಿ ಸುಮಾರು 4.9 ಮೀಟರ್ ಕೆಳಗೆ ಬರುತ್ತದೆ. ಚಂದ್ರನೂ ಭೂಮಿಯತ್ತ ಬೀಳುತ್ತಲೇ ಇದ್ದಾನೆ. ಆದರೆ ನೇರ ದಾರಿ ಬಿಟ್ಟು ಸೆಕೆಂಡಿಗೆ ಅವನು ಬಾಗುವುದು ಬರೀ 1.4 ಮಿಲಿಮೀಟರ್, ಒಂದು ರಾಗಿ ಕಾಳಿನ ದಪ್ಪದಷ್ಟು. ಎರಡಕ್ಕೂ ಇರುವ ಅಂತರ ಹೆಚ್ಚುಕಡಿಮೆ 3600 ಪಟ್ಟು. ಭೂಮಿಯ ಕೇಂದ್ರದಿಂದ ಚಂದ್ರನಿಗಿರುವ ದೂರ ಭೂಮಿಯ ತ್ರಿಜ್ಯದ ಸುಮಾರು 60 ಪಟ್ಟು. 60ನ್ನು 60ರಿಂದಲೇ ಗುಣಿಸಿ ನೋಡಿ, ಅದೇ 3600! 1687ರ ‘ಪ್ರಿನ್ಸಿಪಿಯಾ’ದಲ್ಲಿ ನ್ಯೂಟನ್ ತೋರಿಸಿದ ಈ ಹೊಂದಾಣಿಕೆ ನನಗೆ ವಿಜ್ಞಾನದ ಅತಿ ಸುಂದರ ಲೆಕ್ಕಗಳಲ್ಲೊಂದು. ದೂರ ಇಮ್ಮಡಿಯಾದರೆ ಸೆಳೆತ ಕಾಲು ಭಾಗಕ್ಕಿಳಿಯುತ್ತದೆ, ಮುಮ್ಮಡಿಯಾದರೆ ಒಂಬತ್ತರಲ್ಲೊಂದು ಪಾಲಿಗೆ. ಇಳಿಯುತ್ತಾ ಹೋಗುತ್ತದೆಯೇ ಹೊರತು ಎಲ್ಲಿಯೂ ಸೊನ್ನೆಯಾಗುವುದಿಲ್ಲ.

ಹಾಗಾದರೆ ಬಾಹ್ಯಾಕಾಶ ನಿಲ್ದಾಣದಲ್ಲಿ ಯಾನಿಗಳು ತೇಲುವುದೇಕೆ, ಅಲ್ಲಿ ಗುರುತ್ವ ಇಲ್ಲವೆಂದಲ್ಲವೇ ಎಂದು ಕೇಳಬಹುದು. ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಆದರೆ ದೂರವನ್ನು ಅಳೆಯಬೇಕಾದದ್ದು ನೆಲದಿಂದಲ್ಲ, ಕೇಂದ್ರದಿಂದ. ಅಲ್ಲಿಗೆ 6371 ಇದ್ದದ್ದು 6771 ಆಯಿತು, ಅಷ್ಟೆ. ನೆಲದ ಮೇಲಿನ ಸೆಳೆತದ ಶೇಕಡಾ 88ರಷ್ಟು ಅಲ್ಲಿಯೂ ಉಳಿದಿರುತ್ತದೆ. ನಿಲ್ದಾಣ, ಯಾನಿ, ಅವರ ಕೈಯ ಚಮಚ ಎಲ್ಲವೂ ಒಟ್ಟಿಗೆ ಒಂದೇ ವೇಗದಲ್ಲಿ ಬೀಳುತ್ತಿರುವುದರಿಂದ ಯಾವುದೂ ಯಾವುದರ ಮೇಲೂ ಭಾರ ಹಾಕುವುದಿಲ್ಲ. ಇನ್ನು ಹಾಸನದ ಕೇಂದ್ರದಿಂದ ಇಸ್ರೋ ನಿಯಂತ್ರಿಸುವ ಭೂಸ್ಥಿರ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಮೇಲಿವೆ. ಅಲ್ಲಿ ಸೆಳೆತ ನಲವತ್ತನಾಲ್ಕರಲ್ಲಿ ಒಂದು ಪಾಲು ಮಾತ್ರ. ಆ ಒಂದು ಪಾಲೇ ಅವನ್ನು ದಿನಕ್ಕೊಂದು ಸುತ್ತಿನ ಹಾದಿಯಲ್ಲಿ ಹಿಡಿದಿಟ್ಟಿದೆ.