ಉಚಿತವೋ, ಮುಕ್ತವೋ?

(ನಾಗಪುರದ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಇಂಗ್ಲಿಷಿನ ‘ಫ್ರೀ’ ಎಂಬ ಒಂದೇ ಪದ ಬೆಲೆಯಿಲ್ಲದ್ದನ್ನೂ ಬಂಧನವಿಲ್ಲದ್ದನ್ನೂ ಸೂಚಿಸುತ್ತದೆ. ಕನ್ನಡದಲ್ಲಿ ಉಚಿತ ಬೇರೆ, ಮುಕ್ತ ಬೇರೆ. ಛತ್ರದ ಊಟ ಉಚಿತ. ಆದರೆ ಅಡುಗೆಮನೆಗೆ ನಮಗೆ ಪ್ರವೇಶವಿಲ್ಲ. 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಬಯಸಿದ್ದು ಆ ಪ್ರವೇಶವನ್ನೇ: ತಂತ್ರಾಂಶವನ್ನು ಬಳಸುವ, ಅದರ ಒಳಗನ್ನು ಅರಿತು ತಿದ್ದುವ, ಹಂಚುವ, ತಿದ್ದಿದ್ದನ್ನೂ ಹಂಚುವ ಹಕ್ಕು.

ಈ ಹಕ್ಕು ತಂತ್ರಾಂಶದ ಕೈಪಿಡಿಗೂ ಸಲ್ಲಬೇಕಲ್ಲವೆ? ವಿವಾದ ಹುಟ್ಟಿದ್ದು ಇಲ್ಲಿಯೇ. 2000ದಲ್ಲಿ ಅವರ ಪ್ರತಿಷ್ಠಾನ ಹೊರತಂದ ದಾಖಲೆಗಳ ಪರವಾನಗಿಯು, ಮುಖ್ಯ ವಿಷಯಕ್ಕೆ ಹೊರತಾದ ಕೆಲವು ಭಾಗಗಳನ್ನು ಯಾರೂ ಬದಲಿಸಬಾರದು, ಕೈಬಿಡಲೂಬಾರದು ಎಂದು ವಿಧಿಸಲು ಕರ್ತೃವಿಗೆ ಅವಕಾಶ ನೀಡಿತು. ಡೆಬಿಯನ್ ಬಳಗದವರು 2006ರಲ್ಲಿ ಮತದಾನ ನಡೆಸಿ, ಅಂಥ ಭಾಗಗಳಿರುವ ಕೈಪಿಡಿ ಮುಕ್ತವಲ್ಲ ಎಂದು ತೀರ್ಮಾನಿಸಿದರು. ಅಭಿಪ್ರಾಯ ವ್ಯಕ್ತಿಯದು, ಪರರು ಅದನ್ನು ತಿದ್ದುವುದು ಅಪಚಾರ ಎಂಬುದು ಒಂದು ಪಕ್ಷ. ಬೇಡವಾದರೂ ಹೊರಲೇಬೇಕಾದ ಹೊರೆಯನ್ನು ಜತೆಗಿಟ್ಟು ಕೊಟ್ಟದ್ದು ದಾನವಾಗದು ಎಂಬುದು ಮತ್ತೊಂದು.

ಇದರಿಂದ ನಮಗೇನು ಎಂದು ಕೇಳಬಹುದು. ಇಲ್ಲಿ ಬೆಳೆದ ನಮ್ಮ ಎಷ್ಟೋ ಮಕ್ಕಳು ಮನೆಯಲ್ಲಿ ಕನ್ನಡವಾಡುತ್ತಾರೆ, ಓದುವುದು ಮಾತ್ರ ದೇವನಾಗರಿ. ಕನ್ನಡ ಪಾಠವೊಂದನ್ನು ಅವರಿಗಾಗಿ ದೇವನಾಗರಿಗೆ ಇಳಿಸಿ, ಮರಾಠಿ ಅರ್ಥ ಸೇರಿಸಿ ಹಂಚಲು ಉಚಿತ ಪುಸ್ತಕ ಸಾಲದು; ಮಾರ್ಪಡಿಸುವ ಅನುಮತಿ ಬೇಕು. ನಮ್ಮ ದೇಶದ ಕಾಯಿದೆಯಂತೆ ಕೃತಿಸ್ವಾಮ್ಯ ಕರ್ತೃವಿನ ನಿಧನಾನಂತರವೂ 60 ವರ್ಷ ಉಳಿಯುತ್ತದೆ. 1963ರಲ್ಲಿ ತೀರಿಕೊಂಡ ಮಂಜೇಶ್ವರದ ಗೋವಿಂದ ಪೈಗಳು ಬದುಕಿದ್ದಾಗ ಪ್ರಕಟವಾದ ಕೃತಿಗಳು 2024ರ ಆರಂಭಕ್ಕೆ ಎಲ್ಲರ ಸೊತ್ತಾದವು. 1994ರಲ್ಲಿ ಅಗಲಿದ ಕುವೆಂಪು ಅವರ ಕೃತಿಗಳಿಗಾಗಿ 2055ರವರೆಗೆ ಕಾಯಬೇಕು. ಕಯ್ಯೂರಿನ ರೈತರ ಕಥೆ ಬರೆದ ನಿರಂಜನರ ಕುಟುಂಬದವರು ಅಷ್ಟು ಕಾಯಿಸಲಿಲ್ಲ. 2014ರಲ್ಲಿಯೇ ಅವರ ಕೃತಿಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟರು. ಕರ್ತೃವಿನ ಹೆಸರು ಹೇಳಬೇಕು, ಮಾರ್ಪಡಿಸಿದ್ದನ್ನೂ ಅದೇ ಷರತ್ತಿನಲ್ಲಿ ಹಂಚಬೇಕು, ಅಷ್ಟೆ.

ಆದುದರಿಂದ ನನ್ನ ಸೂಚನೆ ಇದು. ನಮ್ಮ ಪತ್ರಿಕೆಯ ಕನ್ನಡ ಪಾಠಗಳು, ಪದಪಟ್ಟಿಗಳು, ಊರ ಕನ್ನಡಿಗರ ಇತಿಹಾಸದ ಟಿಪ್ಪಣಿಗಳು ಲೇಖಕರ ಒಪ್ಪಿಗೆಯೊಡನೆ ಇದೇ ಷರತ್ತಿನಲ್ಲಿ ಮುಕ್ತವಾಗಲಿ. ಕವಿತೆ ಮತ್ತು ಅಭಿಪ್ರಾಯ ಲೇಖನಗಳ ಹಕ್ಕು ಬರೆದವರಲ್ಲಿಯೇ ಇರಲಿ. ಅವನ್ನು ಪಾಠಗಳಿಗೆ ಅಂಟಿಸುವುದು ಬೇಡ. ಯಾರಾದರೂ ವಿರೂಪಗೊಳಿಸಿಯಾರೆಂಬ ಭಯ ಸಹಜವೇ. ಆದರೆ ಕರ್ತೃವಿನ ಗೌರವಕ್ಕೆ ಧಕ್ಕೆ ತರುವ ವಿರೂಪದ ವಿರುದ್ಧ 1957ರ ಕೃತಿಸ್ವಾಮ್ಯ ಕಾಯಿದೆಯ 57ನೆಯ ಕಲಮು ರಕ್ಷಣೆ ನೀಡುತ್ತದೆ. ನಮ್ಮ ಬರಹವನ್ನು ಯಾರೋ ತಿದ್ದುವರೆಂಬ ಭಯಕ್ಕಿಂತ, ನಮ್ಮ ಮೊಮ್ಮಕ್ಕಳು ಅದನ್ನು ಓದಲಾರರೆಂಬ ಭಯವೇ ನನಗೆ ಹೆಚ್ಚಿನದು. ತಾವೆಲ್ಲರೂ ಚರ್ಚಿಸಿ ನಿರ್ಣಯಿಸಬೇಕೆಂದು ಕೋರುತ್ತೇನೆ.