ಎಣ್ಣೆಯ ನಾಡಿನಲ್ಲಿ ಕಾಯಕ



ಸೌದಿ ಅರೇಬಿಯಾದಲ್ಲಿ 1938ರಲ್ಲಿ ಎಣ್ಣೆ ಉಕ್ಕಿತು. ಕ್ರಮೇಣ ಓದಿದವರೆಲ್ಲ ಸರ್ಕಾರಿ ಕುರ್ಚಿಗೇ ಕಾಯುವಂತಾಯಿತು. ವೆಲ್ಡಿಂಗ್, ವೈರಿಂಗ್, ಪಂಪು ರಿಪೇರಿಗೆ ಹೊರಗಿನವರು. ನಮ್ಮ ಕರ್ನಾಟಕದ ಹುಡುಗರೂ ಹೋದರು. ಹಣವಿತ್ತು, ಕಾಯಕ ಬೇರೆಯವರ ಕೈಯಲ್ಲಿತ್ತು.

2014ರಲ್ಲಿ ಬ್ಯಾರಲ್‌ಗೆ 100 ಡಾಲರ್ ದಾಟಿದ್ದ ಬೆಲೆ 2016ರ ಆರಂಭದಲ್ಲಿ 30ಕ್ಕಿಂತ ಕೆಳಗಿಳಿಯಿತು. ಅದೇ ಏಪ್ರಿಲ್‌ನಲ್ಲಿ ‘ವಿಷನ್ 2030’ ಹೊರಬಂತು. ಎಣ್ಣೆಯಾಚೆ ಪ್ರವಾಸೋದ್ಯಮ, ಗಣಿಗಾರಿಕೆ, ಕಾರ್ಖಾನೆ ಬೆಳೆಸಬೇಕು, ಅಲ್ಲಿ ತಮ್ಮ ಯುವಕರೇ ದುಡಿಯಬೇಕು ಎಂಬ ಯೋಜನೆ. ದುಡಿಮೆಯಲ್ಲಿ ಮಹಿಳೆಯರ ಪಾಲನ್ನು ಶೇ. 22ರಿಂದ 30ಕ್ಕೆ ಏರಿಸುವ ಗುರಿ ಅವಧಿಗೆ ಮೊದಲೇ ಈಡೇರಿತು. ತರಬೇತಿಯೊಂದರಿಂದಲೇ ಆದದ್ದಲ್ಲ ಇದು. 2018ರವರೆಗೆ ಅಲ್ಲಿ ಹೆಣ್ಣುಮಕ್ಕಳು ಕಾರು ಓಡಿಸುವಂತಿರಲಿಲ್ಲ. ಸಂಬಳದಲ್ಲಿ ಡ್ರೈವರ್‌ಗೆ ಕೊಟ್ಟು ಉಳಿಯುವುದೆಷ್ಟು? ಅಡ್ಡಿ ತೆಗೆದದ್ದು ದೊಡ್ಡ ಕೆಲಸ. ಅಲ್ಲಿ ಇನ್ನೂ ತೆಗೆಯಬೇಕಾದ ಅಡ್ಡಿಗಳಿವೆ, ಆ ಮಾತು ಬೇರೆ.

ಅಡ್ಡಿಯಾಗಿ ನಾನೂ ಕೂತಿದ್ದೆ. ನಮ್ಮ ಉಪವಿಭಾಗಕ್ಕೆ ಬಂದ ಕಿರಿಯ ಎಂಜಿನಿಯರ್ ಹುಡುಗಿಯನ್ನು ಎರಡು ವರ್ಷ ಕಾಲುವೆಗೆ ಕಳಿಸಲಿಲ್ಲ. “ಬಿಸಿಲು, ಬೇಡಮ್ಮ” ಎಂದು ಎಸ್ಟಿಮೇಟ್ ಫೈಲು ಕೊಡುತ್ತಿದ್ದೆ. ಒಂದು ದಿನ ಕೇಳಿದಳು: “ಸರ್, ನಾನು ತಪ್ಪು ಮಾಡಿ ಕಲಿಯೋದು ಯಾವಾಗ?”

ಮರುದಿನ ಲೆವೆಲಿಂಗ್ ಉಪಕರಣ ಅವಳ ಕೈಗೆ ಕೊಟ್ಟೆ. ಮೊದಲ ವಾರದ ಲೆಕ್ಕ ತಪ್ಪಿತು. ಎರಡನೆಯ ವಾರ ನನ್ನ ತಪ್ಪನ್ನೇ ಹಿಡಿದಳು.