ದೇವರ ಆಯ್ಕೆ, ಮನುಷ್ಯನ ಹೊಣೆ: ಒಂದು ಹಳೆಯ ವಾದದ ಚರಿತ್ರೆ

ರಕ್ಷಣೆ ಹೊಂದುವವರನ್ನು ದೇವರು ಮೊದಲೇ ಆರಿಸಿಟ್ಟಿದ್ದರೆ, ನಂಬದವನ ತಪ್ಪೇನು? ಕ್ರೈಸ್ತ ದೈವಶಾಸ್ತ್ರದಲ್ಲಿ ಈ ತಕರಾರು ಐದನೆಯ ಶತಮಾನದಲ್ಲೇ ಕಾವೇರಿತ್ತು. ಆಜ್ಞೆ ಕೊಟ್ಟ ದೇವರು ಪಾಲಿಸುವ ಶಕ್ತಿಯನ್ನೂ ಕೊಟ್ಟಿದ್ದಾನೆ, ಪಾಲಿಸುವುದು ಬಿಡುವುದು ಮನುಷ್ಯನಿಗೆ ಸೇರಿದ್ದು ಎಂದ ಬ್ರಿಟನ್ ಮೂಲದ ಪೆಲಾಜಿಯಸ್. ಆದಾಮನ ಪಾಪದಿಂದ ಕೆಟ್ಟ ಮನಸ್ಸು ಕೃಪೆಯಿಲ್ಲದೆ ದೇವರ ಕಡೆ ತಿರುಗಲಾರದು ಎಂದ ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನ್. 418ರ ಕಾರ್ತೇಜ್ ಸಭೆ ಪೆಲಾಜಿಯಸನ ಬೋಧನೆಯನ್ನು ತಳ್ಳಿಹಾಕಿತು. ಕೃಪೆಯೇ ಮೊದಲು ಎಂದು 529ರ ಆರೆಂಜ್ ಸಭೆಯೂ ಒಪ್ಪಿತು; ಆದರೆ ದೇವರು ಕೆಲವರನ್ನು ಕೇಡಿಗೆಂದೇ ನೇಮಿಸಿದ್ದಾನೆ ಎಂಬ ಮಾತನ್ನು ಖಂಡಿಸಿತು. ರಕ್ಷಣೆಗೂ ಶಿಕ್ಷೆಗೂ ಮುನ್ನೇಮಕ ಉಂಟೆಂದು ಒಂಬತ್ತನೆಯ ಶತಮಾನದಲ್ಲಿ ಸಾರಿದ ಗಾಟ್‌ಶಾಕ್ ಎಂಬ ಸನ್ಯಾಸಿ ಚಾಟಿಯೇಟು ತಿಂದು, ಮಠದ ಸೆರೆಯಲ್ಲೇ ಸತ್ತ.

ಈ ಮುನ್ನೇಮಕದ ಸಿದ್ಧಾಂತಕ್ಕೆ ಹದಿನಾರನೆಯ ಶತಮಾನದ ಪ್ರಾಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ನನ ಹೆಸರು ಅಂಟಿಕೊಂಡದ್ದು ಆಮೇಲೆ. ಅವನಾದರೋ ತನ್ನ ದೊಡ್ಡ ಗ್ರಂಥದ 1559ರ ಆವೃತ್ತಿಯಲ್ಲಿ ಆಯ್ಕೆಯ ವಿಚಾರವನ್ನು ಮೊದಲಿಗೆ ಇಡಲಿಲ್ಲ, ಪ್ರಾರ್ಥನೆಯ ಅಧ್ಯಾಯ ಮುಗಿದ ಮೇಲೆ ಇಟ್ಟ. ವಾದವನ್ನು ಬಿಗಿಗೊಳಿಸಿದವರು ಅವನ ಶಿಷ್ಯರು. ಅವರಲ್ಲೊಬ್ಬನಾದ ಬೆಜಾನ ಬಳಿ ಓದಿದ ಡಚ್ಚ ಅರ್ಮೀನಿಯಸ್ಸನೇ ತಿರುಗಿಬಿದ್ದ: ಯಾರು ನಂಬುವರೆಂದು ದೇವರು ಮುಂಚಿತವಾಗಿ ಬಲ್ಲ, ಹಾಗೆ ಬಲ್ಲದ್ದರಿಂದಲೇ ಆರಿಸುತ್ತಾನೆ. ಅವನು 1609ರಲ್ಲಿ ತೀರಿಕೊಂಡ. ಮರುವರ್ಷ ಅವನ ಕಡೆಯವರು ಐದು ಅಂಶಗಳ ಅಹವಾಲು ಬರೆದರು.

ಅದನ್ನು ಇತ್ಯರ್ಥಪಡಿಸಲು 1618ರ ನವೆಂಬರಿನಲ್ಲಿ ನೆದರ್ಲೆಂಡ್ಸಿನ ಡಾರ್ಟ್ ಪಟ್ಟಣದಲ್ಲಿ ಸಭೆ ಕೂಡಿತು. ಇಂಗ್ಲೆಂಡ್, ಸ್ವಿಟ್ಜರ್ಲೆಂಡ್, ಜರ್ಮನ್ ಸೀಮೆಗಳಿಂದ ಪ್ರತಿನಿಧಿಗಳು ಬಂದರು. ಫ್ರಾನ್ಸಿನವರನ್ನು ಅಲ್ಲಿನ ದೊರೆ ಬಿಡಲಿಲ್ಲ. ಅವರ ಬೆಂಚು ಖಾಲಿಯೇ ಇತ್ತು. ಅಹವಾಲುದಾರರು ಕೂತದ್ದು ಆಪಾದಿತರಂತೆ. ಜನವರಿಯಲ್ಲಿ ಅವರನ್ನು ಸಭೆಯ ಅಧ್ಯಕ್ಷ ಬೊಗರ್ಮನ್ ಗದರಿ ಹೊರಗಟ್ಟಿದ. ತೀರ್ಪು ಅವರ ವಿರುದ್ಧವೇ ಬಂತು, ಸುಮಾರು 200 ಸಭಾಪಾಲಕರು ಹುದ್ದೆ ಕಳೆದುಕೊಂಡರು. ಅವರ ಬೆಂಬಲಿಗ, 71 ವರ್ಷದ ರಾಜಕಾರಣಿ ಓಲ್ಡನ್‌ಬಾರ್ನವೆಲ್ಟನ ತಲೆಯನ್ನು 1619ರ ಮೇ 13ರಂದು ಕಡಿಯಲಾಯಿತು. ಆ ಮರಣದಂಡನೆಯಲ್ಲಿ ಧರ್ಮಕ್ಕಿಂತ ರಾಜಕೀಯವೇ ಹೆಚ್ಚು. ಇಷ್ಟಾಗಿಯೂ ಡಾರ್ಟಿನ ನಿರ್ಣಯ ಮನುಷ್ಯನ ಹೊಣೆಯನ್ನು ಅಳಿಸಲಿಲ್ಲ: ನಂಬಿಕೆ ದೇವರ ವರ, ಅಪನಂಬಿಕೆಯ ದೋಷ ಮನುಷ್ಯನದು ಎಂದೇ ಬರೆಯಿತು. ಎರಡೂ ಹೇಗೆ ಹೊಂದುತ್ತವೆಂಬುದು ಬಿಡಿಸದ ಗಂಟಾಗಿಯೇ ಉಳಿಯಿತು.

ಅದೇ ಗಂಟು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಇಬ್ಬರು ಬೋಧಕ ಗೆಳೆಯರ ನಡುವೆ ಬಂತು. ಕೃಪೆ ಎಲ್ಲರಿಗೂ ತೆರೆದದ್ದು ಎಂದು ಜಾನ್ ವೆಸ್ಲಿ 1739ರಲ್ಲಿ ಪ್ರವಚನ ಮಾಡಿದ. ಜಾರ್ಜ್ ವೈಟ್‌ಫೀಲ್ಡ್ ಬಹಿರಂಗ ಪತ್ರದಲ್ಲಿ ಅದನ್ನು ಖಂಡಿಸಿದ. ದಾರಿ ಬೇರೆಯಾದರೂ ಸ್ನೇಹ ಪೂರ್ತಿ ಕಡಿಯಲಿಲ್ಲ. 1770ರಲ್ಲಿ ವೈಟ್‌ಫೀಲ್ಡ್ ಅಮೆರಿಕದಲ್ಲಿ ಸತ್ತಾಗ, ಅವನ ಇಚ್ಛೆಯಂತೆ ಲಂಡನ್ನಿನಲ್ಲಿ ಶ್ರದ್ಧಾಂಜಲಿ ಪ್ರವಚನ ಕೊಟ್ಟವನು ವೆಸ್ಲಿಯೇ. ಅದರಲ್ಲಿ ಆಯ್ಕೆಯ ವಿಚಾರವನ್ನು ಅವನು ಎತ್ತಲೇ ಇಲ್ಲ.